ಜೇಡಿಮಣ್ಣಿಗೆ ನೆರಳಿನ ಸುಂಕ

ಒಂದಾನೊಂದು ಊರಿನಲ್ಲಿ ಜನ ಓಡುತ್ತಾ ನೀರು ಕುಡಿಯುತ್ತಿದ್ದರು, ಕೇಳ್ರಪ್ಪ. ಯಾಕೆ ಅಂತೀರಾ? ಆ ಊರಿನ ಮಣ್ಣೆಲ್ಲ ಮರಳು. ಗಡಿಗೆ ಮಾಡಿದರೆ ಸೋರುತ್ತಿತ್ತು. ಬಾವಿಯಿಂದ ಮನೆ ಸೇರುವಷ್ಟರಲ್ಲಿ ಖಾಲಿ. ಅದಕ್ಕೇ ಓಡೋದು, ಓಡುತ್ತಲೇ ಕುಡಿಯೋದು.

ಆ ಊರಿನ ಕುಂಬಾರಗಿತ್ತಿ ಮುದ್ದೀರಮ್ಮ. ಅವಳ ಅತ್ತೆಗೆ ಮಂಡಿನೋವು, ಓಡಲಾರಳು. ಒದ್ದೆ ಬಟ್ಟೆ ಹಿಂಡಿ ಬಾಯಿಗೆ ಬಿಟ್ಟರೆ ಅಷ್ಟೇ ನೀರು. ಮುದ್ದೀರಮ್ಮನಿಗೆ ನೋಡಲಾಗಲಿಲ್ಲ. ಗಾಡಿ ಕಟ್ಟಿದಳು, ಗಡಿ ದಾಟಿದಳು, ಪರದೇಶದಿಂದ ಒಂದು ಗಾಡಿ ಜೇಡಿಮಣ್ಣು ತಂದಳು. ದಾರಿಯಲ್ಲಿ ಒಣಗದಿರಲಿ ಅಂತ ನೀರು ಚಿಮುಕಿಸಿದಳು.

ಗಡಿಯಲ್ಲಿ ಸುಂಕದ ಕಟ್ಟೆ. ಅಲ್ಲೊಂದು ಉದ್ದನೆಯ ಮಣ್ಣಿನ ಗೋಡೆ. ಗೋಡೆಯ ಆಚೆ ಹೊರಗೆ, ಈಚೆ ಒಳಗೆ. ಬಾಗಿಲಲ್ಲಿ ಸುಂಕದ ರಾಮಶೇಷಯ್ಯ ದಪ್ಪ ಪುಸ್ತಕ ಹಿಡಿದು ಕೂತಿದ್ದ.

"ಏನಮ್ಮ ಇದು?"

"ಮಣ್ಣು, ಬುದ್ಧಿ."

"ಮಣ್ಣು ಅಂದರೆ ಆಯ್ತೇ? ತಾನಾಗಿ ಹುಟ್ಟಿದ ಮಣ್ಣಿಗೆ ಸುಂಕ ಒಂದು ಸೀನು. ಮಾಡಿದ ಮಣ್ಣಿಗೆ ಸುಂಕ, ತಂದವರ ನೆರಳು."

"ತಾನಾಗಿ ಹುಟ್ಟಿದ್ದೇ ಬುದ್ಧಿ" ಅಂದು ಮುದ್ದೀರಮ್ಮ ಸೀನಲು ಮೂಗು ಮೇಲೆತ್ತಿದಳು.

"ತಡಿ ತಡಿ. ಒದ್ದೆಯಾಗಿದೆಯಲ್ಲ?"

"ನಾನೇ ನೀರು ಚಿಮುಕಿಸಿದೆ."

"ಹಾಗಾದರೆ ಮಾಡಿದ ಮಣ್ಣು."

"ಮಳೆ ಬಂದಿದ್ದರೂ ನೆನೀತಿತ್ತಲ್ಲ ಬುದ್ಧಿ?"

"ಮಳೆಗೆ ಕೈಯಿಲ್ಲ. ನಿನಗಿದೆ. ನೆರಳು ಬಿಚ್ಚಿಡು."

ಮುದ್ದೀರಮ್ಮ ನೆರಳನ್ನು ಸೆರಗಿನಡಿಗೆ ಎಳೆದುಕೊಂಡಳು. ಹಸಿ ಗಡಿಗೆ ನೆರಳಲ್ಲೇ ಆರಬೇಕು. ಅವಳ ಊರಲ್ಲಿ ಮರವಿಲ್ಲ. ಜನರೆಲ್ಲ ಓಡುವವರು. ನಿಂತ ನೆರಳು ಅಂತ ಇದ್ದದ್ದು ಅವಳದೊಂದೇ.

ಆಗ ಗಾಡಿಯೊಳಗಿನ ಜೇಡಿಮಣ್ಣು ಬಾಯಿಬಿಟ್ಟಿತು. "ನೀರು ಬಿದ್ದ ಮಾತ್ರಕ್ಕೆ ನಾನು ಮಾಡಿದ ಮಣ್ಣಾದರೆ, ಕಾಲಲ್ಲಿ ತುಳಿಸಿಕೊಂಡ ನಿಮ್ಮ ಗೋಡೆ ಏನು ಸ್ವಾಮಿ?"

ಗೋಡೆ ಬೆಚ್ಚಿಬಿತ್ತು. "ಹೌದಲ್ಲ! ಅರವತ್ತು ವರ್ಷದಿಂದ ನಿಂತಿದ್ದೀನಿ. ಪುಸ್ತಕದಲ್ಲಿ ನಾನೆಲ್ಲಿದ್ದೀನಿ?"

ರಾಮಶೇಷಯ್ಯ ಕಟ್ಟುನಿಟ್ಟಿನ ಮನುಷ್ಯ. ಕೇಳಿದವರಿಗೆ ಉತ್ತರ ಕೊಡದೆ ಬಿಡುವವನಲ್ಲ. ಗೋಡೆ ಕೆರೆದು ನೋಡಿದ. ಮಣ್ಣಿನ ಜೊತೆ ಹುಲ್ಲು ಸಿಕ್ಕಿತು. ಪುಸ್ತಕ ತಿರುವಿದ. 'ಹುಲ್ಲು ಬೆರೆತದ್ದೆಲ್ಲ ಮೇವು' ಅಂತ ಬರೆದಿತ್ತು. "ನೀನು ಮೇವು" ಅಂತ ಗೋಡೆಗೆ ಮುದ್ರೆ ಒತ್ತಿದ.

ಮುದ್ದೀರಮ್ಮನ ಎತ್ತುಗಳಿಗೆ ಬೆಳಗಿನಿಂದ ಉಪವಾಸ. ಮುದ್ರೆ ಬಿದ್ದ ಮೇಲೆ ಇನ್ನೇನು? ಗೋಡೆಗೆ ಬಾಯಿ ಹಾಕಿದವು.

"ಹೋ! ಹೋ!" ಅಂತ ಕೂಗಿದ ರಾಮಶೇಷಯ್ಯ.

"ಮೇವು ತಿನ್ನಬಾರದು ಅಂತ ಪುಸ್ತಕದಲ್ಲಿದೆಯಾ?" ಅಂದವು ಎತ್ತುಗಳು.

ಇರಲಿಲ್ಲ.

ಸಂಜೆಯೊಳಗೆ ಗೋಡೆ ಪೂರ್ತಿ ಖಾಲಿ. ಬಾಗಿಲೊಂದೇ ನಿಂತಿತ್ತು. ರಾಮಶೇಷಯ್ಯ ಆಚೆ ಹೋದ, ಈಚೆ ಬಂದ. ಯಾವುದು ಹೊರಗೆ, ಯಾವುದು ಒಳಗೆ, ತಿಳಿಯಲಿಲ್ಲ. ನೆಲದ ಮೇಲೆ ಕೂತು ಗೊಳೋ ಅಂತ ಅತ್ತ. "ತಾಯೀ, ನಾನು ಕೆಲಸದಲ್ಲಿದ್ದೀನೋ ಮನೆಗೆ ಹೋಗಿದ್ದೀನೋ, ಅದೇ ಗೊತ್ತಾಗ್ತಿಲ್ಲ!"

ಮುದ್ದೀರಮ್ಮನಿಗೆ ಕನಿಕರ ಬಂತು. "ಅಳಬೇಡಿ ಬುದ್ಧಿ. ಗೋಡೆ ನಾನು ಕಟ್ಟಿಕೊಡ್ತೀನಿ. ಗಾಡಿ ಅಡ್ಡ ಇದೆ, ಸ್ವಲ್ಪ ಈ ಕಡೆ ನಿಲ್ಲಿಸಲಾ?"

"ಎಲ್ಲಾದರೂ ನಿಲ್ಲಿಸು ತಾಯಿ."

ಗಾಡಿ ಈಚೆ ಬಂತು. ಮುದ್ದೀರಮ್ಮ ಅಲ್ಲಿಯ ಮಣ್ಣನ್ನೇ ಅಗೆದು, ನೆನೆಸಿ, ತುಳಿದಳು. ರಾಮಶೇಷಯ್ಯನೂ ಪಂಚೆ ಎತ್ತಿಕಟ್ಟಿ ತುಳಿದ. ಈ ಸಲ ಹುಲ್ಲು ಹಾಕಲಿಲ್ಲ. ಗೋಡೆ ಎದ್ದು ನಿಂತಾಗ ಗಾಡಿ ಒಳಗಿತ್ತು. ಅದು ಹೊರಗಿನಿಂದ ಬಂದದ್ದಕ್ಕೆ ಸಾಕ್ಷಿ? ನೋಡಿದ್ದ ಹಳೇ ಗೋಡೆ ಎತ್ತುಗಳ ಹೊಟ್ಟೆಯಲ್ಲಿತ್ತು. ರಾಮಶೇಷಯ್ಯ ಪುಸ್ತಕ ತೆರೆದು, 'ಒಳಗೇ ಇದ್ದ ಮಣ್ಣು, ಸುಂಕವಿಲ್ಲ' ಅಂತ ಬರೆದ. ಬರೆದು, ಕೆಸರುಗಾಲಲ್ಲೇ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕ.

ಮುದ್ದೀರಮ್ಮ ಊರಿಗೆ ಬಂದು ಗಡಿಗೆ ಮಾಡಿದಳು. ಮೂರು ದಿನ ಪಕ್ಕದಲ್ಲೇ ನಿಂತು ನೆರಳು ಕೊಟ್ಟಳು. ಸುಟ್ಟಳು. ನೀರು ತುಂಬಿ ಅತ್ತೆಯ ಮುಂದಿಟ್ಟಳು. ಒಂದು ಹನಿ ಸೋರಲಿಲ್ಲ. ಅತ್ತೆ ಕೂತಲ್ಲೇ ಕುಡಿದಳು. ಒಂದು ಗುಟುಕು. ಇನ್ನೊಂದು ಗುಟುಕು. ಆಮೇಲೆ ಕಣ್ಣರಳಿಸಿದಳು.

"ಮುದ್ದೀರೀ, ನೀರಿಗೆ ರುಚಿ ಇರ್ತದೇನೇ?"

ಬೀದಿಯಲ್ಲಿ ಓಡುತ್ತಿದ್ದವರೆಲ್ಲ ಗಕ್ಕನೆ ನಿಂತರು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಅಂತಾರೆ ಹಿರಿಯರು. ಹೇಳಿಕೊಳ್ಳಿ, ಪರವಾಗಿಲ್ಲ. ಎತ್ತುಗಳನ್ನು ಮಾತ್ರ ಹಸಿದ ಹೊಟ್ಟೆಯಲ್ಲಿ ಹೊಡೆದುಕೊಂಡು ಹೋಗಿ.