ಗಾಳಿಸೋತ ದಿನ್ನೆ

ಎರೆಹೊಲಗಳ ನಡುವೆ ಎತ್ತಿನ ಬೆನ್ನಿನಂತೆ ಎದ್ದಿರುವ ಗಾಳಿಸೋತ ದಿನ್ನೆಯ ಮೇಲೆ ನಿಂತರೆ ತಲೆಯ ಮೇಲೆ ರುಮಾಲು ನಿಲ್ಲುವುದಿಲ್ಲ. ಆಡಿದ ಮಾತು ಪಕ್ಕದವನ ಕಿವಿ ಮುಟ್ಟುವ ಮುನ್ನ ಮುಂದಿನ ಊರು ಸೇರಿರುತ್ತದೆ. ಇಂಥ ಜಾಗಕ್ಕೆ ಇದೆಂಥ ಹೆಸರೆಂದು ಬಂದವರು ನಗುತ್ತಾರೆ. ನಗಲಿ. ಹೆಸರು ಸುಮ್ಮನೆ ಬಿದ್ದದ್ದಲ್ಲ, ಒಬ್ಬ ಹೆಣ್ಣುಮಗಳ ಹಟದಿಂದ ಬಂದದ್ದು ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಮ್ಮೆ, ಈ ಸೀಮೆಯ ಹೊಲಗಳಿಗೆ ಗಡಿಕಲ್ಲು ಬೀಳುವುದಕ್ಕೂ ಮೊದಲು, ದಿನ್ನೆಯನ್ನು ಗಾಳಿಪಾಲು ಎಂದು ಕರೆಯುತ್ತಿದ್ದರು. ಬೇಸಿಗೆಯ ಕೊನೆಗೆ ಸುಂಟರಗಾಳಿ ಎದ್ದು ಯಾವುದಾದರೊಂದು ಮನೆಯನ್ನು ಕಿತ್ತುಕೊಂಡು ಹೋಗುತ್ತಿತ್ತು. ಅದರ ಹೆಸರು ಹಿಡಿಯಲು ಅಂಜಿ ಜನ ‘ದೊಡ್ಡವ’ ಎನ್ನುತ್ತಿದ್ದರು. ದೊಡ್ಡವನಿಗೆ ಅಡ್ಡ ಬರಬಾರದೆಂದು ಪ್ರತಿ ಮನೆಗೂ ಮುಂಬಾಗಿಲು ಹಿಂಬಾಗಿಲುಗಳನ್ನು ಎದುರುಬದುರಾಗಿ ಇಡುವುದು, ಅವನು ಬಂದಾಗ ಎರಡನ್ನೂ ತೆರೆದು ಮನೆಯ ಹಿರಿಯಳು ಆರತಿ ಹಿಡಿದು ನಿಲ್ಲುವುದು ಪದ್ಧತಿ. ಅವನು ಕೆಡವಿದ ಜಾಗ ಅವನ ಪಾಲು. ಅಲ್ಲಿ ಮತ್ತೆ ಯಾರೂ ಗೋಡೆ ಎಬ್ಬಿಸುತ್ತಿರಲಿಲ್ಲ. ಒಂದು ಬೇಸಿಗೆ ಆ ಊರಿನ ನಿಂಬೆವ್ವ ಎಂಬವಳ ಗಂಡ, ಕರಿಸಿದ್ದ ಎಂಬವನು, ಆ ಪದ್ಧತಿಯಂತೆಯೇ ಹಿಂಬಾಗಿಲು ತೆರೆಯಲು ಹೋದ. ಒಳಹೊಕ್ಕ ಗಾಳಿ ಸೂರನ್ನು ಎತ್ತಿ ಅವನ ಮೇಲೆಯೇ ಒಗೆಯಿತು.

ಆ ಸಾವಿಗೆ ಊರು ಕಂಗಾಲಾಯಿತು. ಊರಿನ ಮುಖ್ಯಸ್ಥ ನಾಗನಗೌಡ ಪಂಚರನ್ನು ಕೂಡಿಸಿ, ಇನ್ನು ದಿನ್ನೆಯ ಸಹವಾಸ ಸಾಕು, ಊರೇ ಇಳಿದು ಹಳ್ಳದ ದಂಡೆಗೆ ಹೋಗುವುದೆಂದು ತೀರ್ಮಾನಿಸಿದ. ಹಳ್ಳದ ನೀರೋ ಉಪ್ಪು. ಸುತ್ತಮುತ್ತ ಸಿಹಿನೀರೆಂದರೆ ದಿನ್ನೆಯ ಕಲ್ಲು ಒಡೆದು ಕರಿಸಿದ್ದ ತೋಡಿದ ಬಾವಿಯದೊಂದೇ. ಅದನ್ನು ಹಾಳುಬಿಟ್ಟು ಹೋಗುವುದೆಂದರೆ ನಿಂಬೆವ್ವನಿಗೆ ಗಂಡನನ್ನು ಎರಡನೆಯ ಸಲ ಮಣ್ಣಿಗಿಟ್ಟಂತೆ. ಬಿದ್ದ ಗೋಡೆಯ ಮೇಲೆ ಕೂತು ಅಳುತ್ತಿದ್ದವಳ ಕಣ್ಣು ಹಿತ್ತಲ ಬಣವೆಯ ಮೇಲೆ ಬಿತ್ತು. ಮನೆ ಹೋಗಿತ್ತು, ಬಣವೆ ನಿಂತಿತ್ತು! ದುಂಡಗೆ ಒಟ್ಟಿದ ಜೋಳದ ಕಣಿಕೆ, ಮೇಲೆ ಬಿಗಿದ ಹಗ್ಗದ ಬಲೆ, ಹಗ್ಗದ ತುದಿಗೆ ಜೋತ ಕಲ್ಲುಗಳು, ಎಲ್ಲ ಇದ್ದಂತೆಯೇ ಇದ್ದವು. ದನದ ಮೇವಿಗೆ ಮಾಡಿದ ಜೋಪಾನವನ್ನು ಮನುಷ್ಯರಿಗೆ ಮಾಡಲಿಲ್ಲವಲ್ಲ ಎಂದು ಅವಳಿಗೆ ಅಳುವಿಗಿಂತ ಸಿಟ್ಟು ಹೆಚ್ಚಾಯಿತು. ನೇರ ಗೌಡನ ಮುಂದೆ ಹೋಗಿ ನಿಂತಳು.

“ಇನ್ನೊಂದು ಬ್ಯಾಸಗಿ ತಡೀರಿ ಗೌಡ್ರ. ಬಿದ್ದ ಜಾಗದಾಗ ಮನಿ ಕಟ್ಟತೀನಿ. ಅದೂ ಹೋತಂದ್ರ ನಾನ ಮೊದಲು ಗಂಟು ಕಟ್ಟತೀನಿ.”

ಗೌಡ ಒಂದು ಬೇಸಿಗೆ ತಡೆಯಲು ಒಪ್ಪಿದ. ಅವಳು ಹೇಳಿದಂತೆ ಕಟ್ಟಿದಳು. ಆಳೆತ್ತರದ ದಪ್ಪ ದುಂಡುಗೋಡೆ, ಅದರ ಬುಡ ನೆಲದೊಳಗೆ. ಕಣಿಕೆ ಹೊದಿಸಿದ, ಮೂಲೆಯಿಲ್ಲದ ತಗ್ಗು ಸೂರು, ಸೂರಿನ ಮೇಲೆ ಪುಂಡಿನಾರಿನ ಹಗ್ಗದ ಬಲೆ, ಬಲೆಯ ಅಂಚಿಗೆ ಸುತ್ತಲೂ ತೂಗುಬಿಟ್ಟ ಕಲ್ಲು. ಬಾಗಿಲು ಒಂದೇ, ಅದೂ ಬಗ್ಗಿ ನುಸುಳುವಂಥದ್ದು. ಊರು ನಕ್ಕಿದ್ದೇ ನಕ್ಕಿದ್ದು. “ಎತ್ತು ಗಟ್ಟಿ ಕಟ್ಟವಾ, ನಿನ್ನ ಮನೀನ ಮೇದಾವು” ಎಂದು ಗೌಡ ಚಾಷ್ಟಿ ಮಾಡಿದ. ಅತ್ತೆ ದ್ಯಾಮವ್ವ ನಗಲಿಲ್ಲ. ಸೊಸೆಯ ಜೊತೆ ಮಣ್ಣು ಹೊರುತ್ತಲೇ, ಹಿಂಬಾಗಿಲಿಲ್ಲದ ಮನೆ ಕಂಡರೆ ದೊಡ್ಡವ ಕೆರಳುತ್ತಾನೆಂದು ಒಳಗೊಳಗೆ ನಡುಗುತ್ತಿದ್ದಳು.

ವೈಶಾಖದ ಒಂದು ಮಧ್ಯಾಹ್ನ ಪಡುವಣ ಬಾನು ಕಪ್ಪಿಟ್ಟು, ಮೋಡದಿಂದ ಸೊಂಡಿಲೊಂದು ನೆಲಕ್ಕಿಳಿಯಿತು. ನಕ್ಕವರೇ ಮೊದಲು ಓಡಿ ಬಂದರು. ಯಾರಿಗೂ ತಲೆಬಾಗದ ಗೌಡ ರುಮಾಲನ್ನು ಕಂಕುಳಲ್ಲಿ ಇರುಕಿಕೊಂಡು, ಮಂಡಿಯವರೆಗೆ ಬಗ್ಗಿ, ಎಲ್ಲರಿಗಿಂತ ಕೊನೆಗೆ ಒಳನುಸುಳಿದ. ನಿಂಬೆವ್ವ ಅಗಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ದ್ಯಾಮವ್ವ ಆರತಿ ಹಚ್ಚಿಕೊಂಡು ಬಂದೇ ಬಿಟ್ಟಳು.

“ತಗೀಯವ್ವಾ ಬಾಗಲಾ! ದೊಡ್ಡವ ಬಂದಾನ, ಹಾದಿ ಬಿಡು!”

“ಹ್ವಾದ ವರ್ಷ ಹಾದಿ ಬಿಟ್ವಲ್ಲ ಅತ್ತಿ, ನಿನ್ನ ಮಗನ್ನ ಒಯ್ದ. ಈ ಸಲ ಸುತ್ತ ಹಾಕ್ಕೊಂಡು ಹೋಗಲಿ.”

ಮುದುಕಿಯ ಒಂದು ಕೈ ಅಗಳಿಯ ಮೇಲಿತ್ತು. ಸೊಸೆ ಹಿಮ್ಮಡಿಯನ್ನು ನೆಲಕ್ಕೆ ಊರಿ ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡಳು, ಕದಲಲಿಲ್ಲ. ದ್ಯಾಮವ್ವ ಕೈ ತೆಗೆದಳು. ಆರತಿಯನ್ನು ಮಡಿಲಲ್ಲಿಟ್ಟುಕೊಂಡು ತಾನೂ ಅವಳ ಪಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಗಾಳಿ ಬಂತು. ಹಗ್ಗಗಳು ಕಿರುಗುಟ್ಟಿದವು, ತೂಗುಕಲ್ಲುಗಳು ಗೋಡೆಗೆ ಬಡಿದವು, ಹೊರಗೆ ಒಂದೊಂದೇ ಮನೆ ಮುರಿಯುವುದು ಕೇಳಿಸಿತು. ದುಂಡುಗೋಡೆಯನ್ನು ಅದು ಸುತ್ತಲೂ ತಡಕಾಡಿತು. ಹಿಡಿಯಲು ಮೂಲೆ ಸಿಗಲಿಲ್ಲ, ನುಗ್ಗಲು ದಾರಿ ಸಿಗಲಿಲ್ಲ. ಕೊನೆಗೆ ಬಂದ ದಾರಿಗೆ ಸುಂಕವಿಲ್ಲವೆಂದು ಹೋಯಿತು.

ಹೊರಬಂದು ನೋಡಿದರೆ ದಿನ್ನೆಯ ಮೇಲೆ ನಿಂತದ್ದು ಅದೊಂದೇ ಮನೆ. ಜೀವ ಮಾತ್ರ ಒಂದೂ ಹೋಗಿರಲಿಲ್ಲ. “ಸೋತ್ತಲೇ! ಗಾಳಿ ಸೋತ್ತು!” ಎಂದು ಮೊದಲು ಕುಣಿದವನು ಗೌಡನೇ ಅಂತೆ. ಅಷ್ಟರಲ್ಲಿ ದ್ಯಾಮವ್ವ ದೊಡ್ಡವನಿಗೆಂದು ಹಚ್ಚಿದ್ದ ಆರತಿಯನ್ನು ಸೊಸೆಯ ಮುಖದ ಮುಂದೆ ಎತ್ತಿದಳು. ಗಂಡ ಸತ್ತವಳಿಗೆ ಆರತಿಯೇ ಎಂದು ಯಾರೋ ಗೊಣಗಿದರು. “ನಿಮ್ಮ ಜೀವಾ ಉಳಿಸ್ಯಾಳ ನನ್ನ ಸೊಸಿ. ಬಾಯಿ ಮುಚ್ಚಿ ಕೈ ಮುಗೀರಿ!” ಎಂದು ಮುದುಕಿ ಗದರಿದಳು. ಗೌಡ ಕೈ ಮುಗಿದ. ಅವನ ಹಿಂದೆ ಊರಿಗೆ ಊರೇ ಮುಗಿಯಿತು.

ಊರು ದಿನ್ನೆ ಇಳಿಯಲಿಲ್ಲ. ಈಗಲೂ ಅಲ್ಲಿ ಹೊಸ ಮನೆ ಒಕ್ಕಲಾಗುವ ದಿನ, ಮನೆ ಸಿಮೆಂಟಿನದೇ ಇರಲಿ, ಹೋದವರು ನೋಡಬಹುದು. ದೇವರ ಪೂಜೆಗೂ ಮೊದಲು ಮನೆಯ ಸೊಸೆ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾಳೆ, ಅತ್ತೆ ಅವಳಿಗೆ ಆರತಿ ಎತ್ತುತ್ತಾಳೆ. ಅವಳು ಮುತ್ತೈದೆಯೋ ವಿಧವೆಯೋ ಎಂದು ಆ ದಿನ್ನೆಯಲ್ಲಿ ಯಾರೂ ಕೇಳುವುದಿಲ್ಲ.