ಕಲಿತು ನಕ್ಕ ನಗು

"ಗುರುಗಳೇ, ಕಣ್ಣು ಮುಚ್ಚಿಕೊಂಡು ಕೇಳಿದರೆ ನನ್ನ ಪ್ರವಚನ ನೀವೇ ಮಾಡಿದ ಹಾಗಿರುತ್ತದೆ ಎಂದು ಜನ ಹೇಳುತ್ತಾರೆ. ನಾನು ಇನ್ನು ಕಲಿಯಬೇಕಾದ್ದು ಏನಿದೆ?" ಎಂದು ಶಿಷ್ಯ ಕೇಳಿದ. ಊರೂರಿಗೆ ಹೋಗಿ ಒಬ್ಬನೇ ಪ್ರವಚನ ಮಾಡಲು ಅಪ್ಪಣೆ ಬೇಡುವುದಕ್ಕೆ ಅವನು ಬಂದಿದ್ದ. ಮಾತಾಡುವಾಗ ಬಲಮಂಡಿಯನ್ನು ಮೆಲ್ಲಗೆ ನೀವಿಕೊಳ್ಳುತ್ತಿದ್ದ. ಎದುರಿಗೆ ಕೂತ ಗುರುಗಳೂ ತಮ್ಮ ಬಲಮಂಡಿಯನ್ನು ನೀವಿಕೊಳ್ಳುತ್ತಿದ್ದರು.

"ಅಪ್ಪಣೆಗೇನು ಅವಸರ? ಒಂದು ಕತೆ ಕೇಳು" ಎಂದು ಗುರುಗಳು ಶುರುಮಾಡಿದರು.

ಕೊರಿಯಾ ದೇಶದಲ್ಲಿ ಒಬ್ಬ ವ್ಯಾಪಾರಿ ಇದ್ದ. ಹಾಡುವ ಹುಡುಗಿಯರೇ ಅವನ ಸರಕು. ಮಠಕ್ಕೆ ಬರುವ ಮಕ್ಕಳು ಫೋನಿನಲ್ಲಿ ನೋಡುತ್ತಾರಲ್ಲ, ಒಂದೇ ಅಳತೆಗೆ ಕೈಕಾಲು ಎತ್ತಿ ಕುಣಿಯುವ ಗುಂಪುಗಳು, ಅಂಥವು. ಎಳೆಯ ವಯಸ್ಸಿನವರನ್ನು ಆರಿಸಿ ತಂದು, ವರ್ಷಗಟ್ಟಲೆ ತನ್ನಲ್ಲೇ ಇಟ್ಟುಕೊಂಡು, ಹಾಡು, ಕುಣಿತ, ನಡಿಗೆ, ಕೈ ಬೀಸುವ ರೀತಿ ಎಲ್ಲ ಕಲಿಸುತ್ತಿದ್ದ. ಎಷ್ಟು ಉಣ್ಣಬೇಕೆಂಬುದನ್ನೂ ಅವನೇ ಹೇಳುತ್ತಿದ್ದ. ತಯಾರಾದವರನ್ನು ಗುಂಪು ಕಟ್ಟಿ ವೇದಿಕೆಗೆ ಬಿಡುತ್ತಿದ್ದ. ಉಳಿದವರನ್ನು ಮನೆಗೆ ಕಳಿಸುತ್ತಿದ್ದ.

ಬಂದರಿನ ಊರೊಂದರಲ್ಲಿ ಮೀನು ಮಾರುವವಳ ಮಗಳು ಈ ವ್ಯಾಪಾರಿಯ ಬಳಿ ಸೇರಿದಳು. ಕಂಠ ಚೆನ್ನಾಗಿತ್ತು. ನಗು ಮಾತ್ರ ವ್ಯಾಪಾರಿಗೆ ಹಿಡಿಸಲಿಲ್ಲ. ಬಾಯಿ ತುಂಬ ತೆರೆದು, ಭುಜ ಕುಣಿಸಿ, ಕೊನೆಗೆ ಮೂಗಿನಿಂದ ಗೊರ್ ಎಂದು ಸದ್ದು ಮಾಡಿ ನಗುವವಳು ಅವಳು. ಇದು ಮೀನು ಸಂತೆಯಲ್ಲಿ ನಡೆಯುತ್ತದೆ, ಕ್ಯಾಮೆರಾ ಮುಂದೆ ನಡೆಯುವುದಿಲ್ಲ ಎಂದ. ಕನ್ನಡಿಯ ಮುಂದೆ ನಿಲ್ಲಿಸಿ ಚಿಕ್ಕದಾಗಿ ನಗುವುದನ್ನು ಕಲಿಸಿದರು. ವೇದಿಕೆ ಹತ್ತುವ ಆಸೆ ಅವಳಿಗೂ ಇತ್ತು. ಕಲಿತಳು. ಹೆಸರೂ ಬಂತು.

ಬರಬರುತ್ತ ಜನಕ್ಕೆ ಬೇಸರವಾಯಿತು. ಎಲ್ಲರೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದಾರೆ, ಸಹಜವಾಗಿರುವವರು ಬೇಕು ಎಂದರು. ವ್ಯಾಪಾರಿಯೇನು ದಡ್ಡನೇ? ಹುಡುಗಿಯನ್ನು ಕರೆದು, ಇನ್ನು ಮೇಲೆ ಮನೆಯಲ್ಲಿ ನಗುತ್ತಿದ್ದ ಹಾಗೆಯೇ ನಗು ಎಂದ. ಅವಳು ಬಾಯಿ ತೆರೆದಳು. ನಗು ಬರಲಿಲ್ಲ.

ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅವಳು ಮೊದಲು ಸೇರಲು ಬಂದಾಗ ತೆಗೆದಿದ್ದ ವಿಡಿಯೊ ಹುಡುಕಿಸಿದ. ಅದನ್ನು ನೋಡಿಕೊಂಡು ಆ ನಗುವನ್ನು ಅವಳಿಗೆ ಹೇಳಿಕೊಡಲು ಒಬ್ಬ ಮೇಷ್ಟ್ರನ್ನು ನೇಮಿಸಿದ. ತನ್ನ ನಗುವನ್ನು ಬೇರೆಯವರಿಂದ ಹೇಳಿಸಿಕೊಳ್ಳುವ ಗತಿ ನೋಡು! ಅದನ್ನೂ ಕಲಿತಳು. ಭುಜ ಕುಣಿಯಿತು, ಗೊರ್ ಎಂಬ ಸದ್ದೂ ಬಂತು. ಎಷ್ಟು ಸಹಜ ಎಂದು ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು.

ಹಬ್ಬಕ್ಕೆ ಅವಳು ಊರಿಗೆ ಹೋದಳು. ಊಟಕ್ಕೆ ಕೂತಾಗ ತಾಯಿ ಹಳೆಯ ಕತೆಯೊಂದನ್ನು ತೆಗೆದಳು. ಮೀನು ಕಚ್ಚಿಕೊಂಡು ಓಡಿದ ಬೆಕ್ಕನ್ನು ಅಟ್ಟಿಸಿಕೊಂಡು ಹೋಗಿ ಅಪ್ಪ ಐಸಿನ ತೊಟ್ಟಿಯೊಳಗೆ ಬಿದ್ದ ಕತೆ. ಚಿಕ್ಕಂದಿನಲ್ಲಿ ಅದನ್ನು ಕೇಳಿ ಮಗಳು ನೆಲದ ಮೇಲೆ ಹೊರಳಾಡಿ ನಗುತ್ತಿದ್ದಳು. ಈಗಲೂ ನಕ್ಕಳು, ಭುಜ ಕುಣಿಸಿ, ಗೊರ್ ಎಂದು. ತಾಯಿ ಬಡಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು.

"ನಿಜ ಹೇಳು ಮಗಳೇ. ನಗು ಬಂತಾ, ಇಲ್ಲ ನಗಬೇಕು ಅಂತ ನಕ್ಕೆಯಾ?"

ಮಗಳು "ಗೊತ್ತಾಗ್ತಿಲ್ಲಮ್ಮ" ಎಂದಳು.

ಆ ಕತೆಯನ್ನು ತಾಯಿ ಮತ್ತೆಂದೂ ಹೇಳಲಿಲ್ಲ.

ಗುರುಗಳು ಇಷ್ಟು ಹೇಳಿ ಕತೆ ಮುಗಿಸಿದರು. ಶಿಷ್ಯ ಅವರ ಹಾಗೆಯೇ ಕಣ್ಣು ಮುಚ್ಚಿದ, ಅವರ ಹಾಗೆಯೇ ನಿಧಾನವಾಗಿ ತಲೆದೂಗಿದ, ಮಂಡಿ ನೀವಿಕೊಳ್ಳುತ್ತ "ಪಾಪ, ಆ ಹುಡುಗಿ" ಎಂದ.

ಗುರುಗಳು ಅವನ ಕೈಯನ್ನೇ ನೋಡುತ್ತ ಕೇಳಿದರು: "ನನಗೆ ಮಂಡಿನೋವು, ಅದಕ್ಕೆ ನೀವಿಕೊಳ್ಳುತ್ತೇನೆ, ನಿನಗೇನಾಗಿದೆ?"