ಸವತಿಗಲ್ಲು

ನೆಲ್ಲಿಬೀಡಿನಿಂದ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಜೋಳದ ಹೊಲಗಳ ನಡುವೆ ಆಳೆತ್ತರದ ಒಂದು ದಿಬ್ಬ ಸಿಗುತ್ತದೆ. ದಿಬ್ಬದ ನೆತ್ತಿಯಲ್ಲಿ ಒಂದು ವೀರಗಲ್ಲು, ಕೆಳಗೆ ಬಸ್ಸು ನಿಲ್ಲುವಲ್ಲಿ ತಗಡಿನ ಚಪ್ಪರ. ಈ ಜಾಗದ ಹೆಸರು ಸವತಿಗಲ್ಲು. ಇದು ಮರ್ಯಾದಸ್ಥರ ಬಾಯಲ್ಲಿ ಬರುವ ಹೆಸರಲ್ಲವೆಂದು ಯಾರೋ ದೊಡ್ಡವರು ಒಮ್ಮೆ ಚಪ್ಪರದ ಹಲಗೆಯ ಮೇಲೆ ‘ಸಾವಿತ್ರಿಕಲ್ಲು’ ಎಂದು ಬರೆಸಿದರು. ಊರವರು ಹಲಗೆ ಓದಿ ನಕ್ಕರು. ಕಂಡಕ್ಟರನ ಹತ್ತಿರ ಮಾತ್ರ “ಸವತಿಗಲ್ಲಿಗೆ ಒಂದು ಕೊಡ್ರಿ” ಎಂದೇ ಕೇಳಿದರು. ಅವರು ಮಾಡಿದ್ದೇ ಸರಿ. ಪತಿವ್ರತೆಯರ ಕಲ್ಲುಗಳಿಗೆ ನಾಡಿನಲ್ಲಿ ಬರವಿಲ್ಲ. ಹೊಟ್ಟೆಕಿಚ್ಚಿನ ಹೆಣ್ಣಿಗೆ ಇರುವುದು ಇದೊಂದೇ ಇದ್ದೀತು.

ಹಿಂದೆ ಒಮ್ಮೆ, ಊರೂರಿನ ದನ ಹೊಡೆದುಕೊಂಡು ಹೋಗುವುದೇ ಯುದ್ಧವಾಗಿದ್ದ ಕಾಲದಲ್ಲಿ, ನೆಲ್ಲಿಬೀಡಿನ ಕಾವಲು ಪಡೆಯಲ್ಲಿ ಕೇತಣ್ಣನೆಂಬ ಇಪ್ಪತ್ತರ ತರುಣನಿದ್ದನಂತೆ. ಅವನ ಹೆಂಡತಿ ಮಾಳವ್ವ. ಮದುವೆಯಾಗಿ ಏಳು ತಿಂಗಳು. ಗಂಡ ಕುದುರೆಯ ಮೈ ತಿಕ್ಕುತ್ತ ಸ್ವಲ್ಪ ಹೆಚ್ಚು ಹೊತ್ತು ನಿಂತರೂ ಮುಖ ಊದಿಸಿಕೊಳ್ಳುವ ಹೆಣ್ಣು ಅವಳು. ಬಾವಿಕಟ್ಟೆಯಲ್ಲಿ ಯಾವಳಾದರೂ ಅವನ ಹೆಸರೆತ್ತಿ ನಕ್ಕಳೆಂದರೆ ಅಂದು ಮನೆಯಲ್ಲಿ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಕೇತಣ್ಣ ಆ ಸಪ್ಪೆ ಸಾರನ್ನೂ ನಗುತ್ತಲೇ ಉಣ್ಣುತ್ತಿದ್ದ. ಒಂದು ಮುಂಜಾನೆ ನೆರೆಸೀಮೆಯವರು ಊರ ದನಗಳನ್ನೆಲ್ಲ ಹೊಡೆದುಕೊಂಡು ಹೊರಟರು. ಈ ದಿಬ್ಬದ ಬಳಿ ಅವರನ್ನು ಅಡ್ಡಗಟ್ಟಿದ ಕೇತಣ್ಣ ದನಗಳನ್ನು ಊರಿಗೆ ತಿರುಗಿಸಿದ. ತಾನು ತಿರುಗಿ ಬರಲಿಲ್ಲ.

ಅವನ ನೆನಪಿಗೆ ಕಲ್ಲು ನಿಲ್ಲಿಸಲು ಊರವರು ಮುದಿ ಕಲ್ಲುಕುಟಿಗ ಬಾಚೋಜನನ್ನು ಕರೆಸಿದರು. ಮಾಳವ್ವ ಅವನೆದುರು ಕೂತು, ಮೂಗು ಹೀಗಿತ್ತು, ಹುಬ್ಬು ಹೀಗಿತ್ತು ಎಂದು ಹೇಳಿ ಹೇಳಿ ಗಂಡನ ಮುಖ ಕಡೆಸಿದಳು. ಮುಖ ಅವನದೇ ಆಯಿತು. ಆಮೇಲೆ ಮುದುಕ ಕಾವಿಯ ಉಂಡೆ ಹಿಡಿದು ಕೇತಣ್ಣನ ಎಡಬಲದಲ್ಲಿ ಇಬ್ಬರು ಹೆಣ್ಣುಗಳ ಗೆರೆ ಎಳೆದ. ಸಣ್ಣ ನಡು, ಅವನ ಹೆಗಲ ಮೇಲೆ ಕೈ, ಅವನ ಮುಖದ ಮೇಲೇ ಕಣ್ಣು.

“ಯಾರಜ್ಜಾ ಇವರು, ನಾಚಿಕಿಲ್ಲದಾವ್ರು?”

“ದೇವಲೋಕದಾವ್ರು, ಯವ್ವಾ. ರಣದಾಗ ಸತ್ತಾವ್ರನ್ನ ಸ್ವರ್ಗಕ್ಕ ಕರಕೊಂಡು ಹೋಗ್ತಾರ.”

ಮಾಳವ್ವನ ಹೊಟ್ಟೆಗೆ ಬೆಂಕಿ ಬಿತ್ತು. ಅದುವರೆಗೆ ಗಂಡನಿಗಾಗಿ ಅತ್ತವಳಿಗೆ ಈಗ ಗಂಡನ ಮೇಲೆಯೇ ಸಿಟ್ಟು ಬಂತು. ಅವರಿಗೆ ಮುಪ್ಪಿಲ್ಲ, ಅವನಿಗೂ ಇನ್ನು ಮುಪ್ಪಿಲ್ಲ. ತಾನೊಬ್ಬಳು ಇಲ್ಲಿ ಜೋಳ ಬೀಸಿ ಬೀಸಿ, ಹಲ್ಲುದುರಿ, ಒಂದು ದಿನ ಕೋಲೂರಿಕೊಂಡು ಅಲ್ಲಿಗೆ ಹೋದರೆ, ಅಂಥವರ ನಡುವೆ ಕೂತ ಹುಡುಗ ಈ ಮುದುಕಿಯ ಗುರುತು ಹಿಡಿದಾನೆಯೇ? ಅವರನ್ನು ಅಳಿಸಿಹಾಕು ಎಂದು ಹಟ ಹಿಡಿದಳು.

“ಅಳಿಸಿದ್ರ ಅವನ್ನ ಮ್ಯಾಲ ಒಯ್ಯಾವ್ರು ಯಾರು? ಬಿದ್ದಾಂವ ಬಿದ್ದಲ್ಲೇ ಇರ್ತಾನ” ಎಂದ ಬಾಚೋಜ.

ಅವಳು ಮನೆಗೆ ಹೋಗಿ ಇಡೀ ಒಂದು ದಿನ ನೀರನ್ನೂ ಮುಟ್ಟದೆ ಕೂತಳು. ಗಂಡ ಮಣ್ಣಿನಲ್ಲಿ ಬಿದ್ದಿರುವುದನ್ನೂ ಅವಳ ಮನಸ್ಸು ಒಪ್ಪಲಿಲ್ಲ, ಅವರ ತೋಳಿನಲ್ಲಿರುವುದನ್ನೂ ಒಪ್ಪಲಿಲ್ಲ. ಮರುದಿನ ಬಂದು, “ಒಯ್ಯಲಿ. ಆದ್ರ ಅವನ ಮಾರಿ ನೋಡಬಾರದು” ಎಂದಳು. ಎಷ್ಟೋ ವೀರಗಲ್ಲು ಕಡೆದ ಬಾಚೋಜ ಇಂಥ ಅಪ್ಪಣೆಯನ್ನು ಎಂದೂ ಕೇಳಿರಲಿಲ್ಲ. ಆದರೂ ಕಾವಿ ಗೆರೆ ಒರೆಸಿ, ಇಬ್ಬರ ಮುಖಗಳನ್ನೂ ಆಚೆಗೆ ತಿರುಗಿಸಿ ಕಡೆದ. ಊರ ಹೆಂಗಸರು ಚೇಷ್ಟೆಗೆ ಸವತಿಗಲ್ಲು ಎಂದರು. ಮಾಳವ್ವ ಬೇಡವೆನ್ನಲಿಲ್ಲ.

ನಲವತ್ತು ವರ್ಷ ಅವಳು ದಿನವೂ ಬಂದು ಗಂಡನ ಮುಖಕ್ಕೆ ಎಣ್ಣೆ ಹಚ್ಚಿ, ಅಂಗೈಯಿಂದ ತಿಕ್ಕಿ, ಸೆರಗಿನಿಂದ ಒರೆಸುತ್ತಿದ್ದಳು ಎನ್ನುತ್ತಾರೆ. ಪಕ್ಕದವರ ಮೇಲೆ ಒಂದು ತೊಟ್ಟು ಬೀಳಲೂ ಬಿಡುತ್ತಿರಲಿಲ್ಲವಂತೆ.

ಇಂದಿಗೂ ದಿಬ್ಬ ಹತ್ತಿದವರಿಗೆ ಆ ಇಬ್ಬರು ಹೆಣ್ಣುಗಳ ಮೂಗು, ತುಟಿ, ಕಿವಿಯ ಓಲೆ ನಿನ್ನೆ ಕಡೆದ ಹಾಗೆ ಕಾಣುತ್ತವೆ. ನಡುವಿನ ಕೇತಣ್ಣನಿಗೆ ಕಣ್ಣಿಲ್ಲ, ಮೂಗಿಲ್ಲ. ಕೈಯಾಡಿ ಸವೆದ ನುಣ್ಣನೆಯ ಕಲ್ಲು ಅಷ್ಟೆ. ಹೊರಗಿನವರು ನೋಡಿ ಅಯ್ಯೋ ಎನ್ನುತ್ತಾರೆ. ನೆಲ್ಲಿಬೀಡಿನ ಮುದುಕಿಯರು ಮಾತ್ರ ನಗುತ್ತಾರೆ: “ಇನ್ನ ಅವರು ತಿರುಗಿ ನೋಡಿದ್ರೂ ಏನೈತಿ? ಅವನ ಮಾರಿ ಅಕಿ ತಗೊಂಡು ಹೋಗ್ಯಾಳ.”